ನಾನು ಹತ್ತದ ಹಡಗು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬೆಂಗಳೂರಿನ ಶಿವಾಜಿನಗರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿ. ಕೆಳಗೆ ಬಟ್ಟೆ ಅಂಗಡಿ, ಮೇಲಿನ ಅಂತಸ್ತಿನಲ್ಲಿ ನಾವು. ಮದುವೆ ಕಾರ್ಡು, ಕ್ಯಾಲೆಂಡರು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಕನ್ನಡದಲ್ಲಿರುವುದೆಲ್ಲ ನನ್ನ ಮೇಜಿಗೆ ಬರುತ್ತಿತ್ತು. ಒಂದು ಮಳೆಗಾಲದಲ್ಲಿ ಯಾರೋ ಪ್ರವಾಸದ ಏಜೆಂಟರು ಹಂಚುಪತ್ರ ಮಾಡಿಸಲು ಕೊಟ್ಟರು. ರೈಲಿನಲ್ಲಿ ಮದ್ರಾಸು, ಅಲ್ಲಿಂದ ಹಡಗಿನಲ್ಲಿ ಮೂರು ದಿನ ಅಂಡಮಾನು, ತಿರುಗಿ ಹಡಗು, ತಿರುಗಿ ರೈಲು. ಅಕ್ಷರ ಜೋಡಿಸಿದವನು ‘ಹಡಗು’ ಎನ್ನುವುದನ್ನು ಐದು ಕಡೆ ‘ಹಗಡು’ ಮಾಡಿದ್ದ. ಐದನ್ನೂ ತಿದ್ದಿ ಕಳಿಸಿದೆ. ಕಳಿಸಿದ ಮೇಲೂ ಅದು ತಲೆಯಿಂದ ಇಳಿಯಲಿಲ್ಲ.

ನಾನು ಮೊದಲಿನಿಂದಲೂ ಒಂದು ಕಡೆ ಕೂರುವವನಲ್ಲ. ಮೇಜಿನ ಮುಂದೆ ಕೂತಿದ್ದರೂ ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಎಲ್ಲಿಗಾದರೂ ಹೋಗಬೇಕು ಎನ್ನುವುದು ಹಲ್ಲುನೋವಿನ ಹಾಗೆ ಸದಾ ಇತ್ತು. ಆದರೆ ಮದುವೆಯಾಗಿ ನಾಲ್ಕು ವರ್ಷವಾದರೂ ಹೆಂಡತಿಯನ್ನು ನಂದಿಬೆಟ್ಟದ ಆಚೆಗೆ ಕರೆದುಕೊಂಡು ಹೋಗಿರಲಿಲ್ಲ. ದಂಡು ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ವರ್ಷಕ್ಕೊಂದು ರೈಲ್ವೆ ವೇಳಾಪಟ್ಟಿ ತರುತ್ತಿದ್ದೆ, ಓದುತ್ತಿದ್ದೆ, ಅಷ್ಟೆ.

ಮನೆ ಜೋಗುಪಾಳ್ಯದಲ್ಲಿ. ಅಮ್ಮ, ಹೆಂಡತಿ, ನಾನು, ಜೊತೆಗೊಂದು ಹಸು. ಅಮ್ಮನ ತವರು ಕೆ.ಆರ್. ಪುರದ ಆಚೆಯ ಒಂದು ಹಳ್ಳಿ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳೆಲ್ಲ ಸೈಟಾಗಿ ಹೋಗಿದ್ದವು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಆ ಹಳ್ಳಿಯ ನೆನಪಿಗೆಂಬಂತೆ ಹಿತ್ತಲಲ್ಲಿ ಒಂದು ಹಸು ಕಟ್ಟಿಕೊಂಡು, ಬೀದಿಯ ನಾಲ್ಕು ಮನೆಗೆ ಹಾಲು ಕೊಡುತ್ತಿದ್ದಳು. ನನ್ನ ಹೆಂಡತಿ ಶಿವಾಜಿನಗರದಲ್ಲೇ ಹುಟ್ಟಿ ಬೆಳೆದವಳು. ಕನ್ನಡ, ತಮಿಳು, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಹಗಲು ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು.

ಅತ್ತೆ ಸೊಸೆಗೆ ಜಗಳ ಅಂತ ಇರಲಿಲ್ಲ. ಮಾತೂ ಇರಲಿಲ್ಲ. “ಅವಳಿಗೆ ಹೇಳು, ನಾಳೆ ಅಮಾವಾಸ್ಯೆ” ಎಂದು ಅಮ್ಮ ನನಗೆ ಹೇಳುವುದು. “ಅತ್ತೆಗೆ ಹೇಳಿ, ಇವತ್ತು ಬರೋದು ಲೇಟಾಗುತ್ತೆ” ಎಂದು ಅವಳು ನನಗೆ ಹೇಳುವುದು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಿಂತಿರುತ್ತಿದ್ದರು, ನಡುವೆ ನಾನು. ನಾನಿಲ್ಲದಿದ್ದರೆ ಈ ಮನೆ ನಡೆಯುವುದಿಲ್ಲ ಎಂದು ನಾನು ನಂಬಿದ್ದೆ. ಒಳಗೊಳಗೆ ಅದು ನನಗೆ ಹೆಮ್ಮೆಯೂ ಆಗಿತ್ತೇನೋ.

ಅಂಡಮಾನಿನ ಸುದ್ದಿ ಎತ್ತಿದಾಗ ಹೆಂಡತಿ ನನ್ನ ಮುಖ ನೋಡಿದಳು. ಇಂಥ ಸುದ್ದಿಗಳನ್ನು ಅವಳು ಮೊದಲೂ ಕೇಳಿದ್ದಳು. ಏಜೆಂಟರ ಜೊತೆ ಬೇಡ, ನಾವೇ ಟಿಕೆಟ್ ತೆಗೆದುಕೊಂಡು ಹೋಗೋಣ, ಜನವರಿಯಲ್ಲಿ ಸಮುದ್ರ ಶಾಂತವಾಗಿರುತ್ತದಂತೆ, ಕ್ಯಾಲೆಂಡರ್ ಕೆಲಸವೂ ಮುಗಿದಿರುತ್ತದೆ ಎಂದು ನಾನು ವಿವರಿಸಿದೆ. ಅಮ್ಮನನ್ನು ಒಬ್ಬಳೇ ಬಿಡುವುದು ಹೇಗೆ ಎಂದು ಅವಳೇ ಕೇಳಿದಳು. ಹೀಗೆ ಅಮ್ಮನೂ ಸೇರಿದಳು. ಅಮ್ಮ ಅದುವರೆಗೆ ನೋಡಿದ ದೂರದ ಊರೆಂದರೆ ತಿರುಪತಿ. ‘ಕರೆದ್ರೆ ಬರ್ತೀನಿ’ ಎಂದಳು, ಯಾರದೋ ಗೃಹಪ್ರವೇಶಕ್ಕೆ ಕರೆದ ಹಾಗೆ. ನನ್ನ ಮನಸ್ಸಿಗಾಗಿ ಒಪ್ಪಿದ್ದಾಳೆ ಎಂದುಕೊಂಡೆ.

ತೊಡಕು ಶುರುವಾದದ್ದು ಆಮೇಲೆ. ರೈಲಿಗೆ ಎರಡು ತಿಂಗಳು ಮುಂಚೆ ಸೀಟು ಕಾದಿರಿಸಬೇಕು. ಹಡಗಿಗೆ ಹಾಗೆ ವೇಳಾಪಟ್ಟಿಯೇ ಇಲ್ಲ. ಯಾವ ದಿನ ಹೊರಡುತ್ತದೆ ಎನ್ನುವುದು ಕೆಲವು ವಾರಗಳ ಮುಂಚೆಯಷ್ಟೇ ಗೊತ್ತಾಗುತ್ತದೆ. ಗೊತ್ತಾದ ದಿನವೂ ಗಟ್ಟಿಯಲ್ಲ. ಅಲ್ಲಿಂದ ವಾಪಸು ಬರುವ ಹಡಗಿನದು ಇನ್ನೊಂದು ಲೆಕ್ಕ. ಒಂದು ಕಡೆ ಕಲ್ಲಿನಲ್ಲಿ ಕೆತ್ತಿದಂಥ ರೈಲು, ಇನ್ನೊಂದು ಕಡೆ ಗಾಳಿ ಬಂದತ್ತ ವಾಲುವ ಹಡಗು. ಎರಡನ್ನೂ ಹೊಂದಿಸುವ ಕೆಲಸವನ್ನು ನಾನು ಮೈಮೇಲೆ ಹಾಕಿಕೊಂಡೆ.

ಪ್ರೆಸ್ಸಿನಲ್ಲಿ ಉಳಿದ ಕಾಗದದ ಪಟ್ಟಿಗಳ ಮೇಲೆ ತಾರೀಖು ಬರೆಯುತ್ತಿದ್ದೆ, ಹೊಡೆದುಹಾಕುತ್ತಿದ್ದೆ. ಬೆಳಿಗ್ಗೆ ದಂಡು ನಿಲ್ದಾಣದ ಕೌಂಟರಿನ ಸಾಲಿನಲ್ಲಿ ನಿಂತು ಟಿಕೆಟ್ ಮಾಡಿಸುವುದು. ಬೀದಿಯ ಎಸ್‌ಟಿಡಿ ಬೂತಿನಿಂದ ಮದ್ರಾಸಿನ ಹಡಗಿನ ಕಚೇರಿಗೆ ಫೋನು ಮಾಡುವುದು. ತಾರೀಖು ಬದಲಾಗಿದೆ ಎಂದು ಕೇಳಿ ಮಾರನೇ ದಿನ ಅದೇ ಸಾಲಿನಲ್ಲಿ ನಿಂತು ರದ್ದು ಮಾಡಿಸುವುದು. ಮೂರು ಸಲ ಹೀಗಾಯಿತು. ಮೊದಲ ಜನವರಿ ಹೀಗೇ ಕೈತಪ್ಪಿ, ಮಾತು ಇನ್ನೊಂದು ವರ್ಷಕ್ಕೆ ಹೋಯಿತು. ಕೌಂಟರಿನ ಹೆಂಗಸಿಗೆ ನನ್ನ ಗುರುತು ಹತ್ತಿಬಿಟ್ಟಿತ್ತು. ಬೂತಿನ ಯಜಮಾನಿ ನಾನು ಬಂದ ಕೂಡಲೇ ಕೇಳದೆಯೇ ನಂಬರು ಒತ್ತುತ್ತಿದ್ದಳು.

ಹಸುವಿನದು ಬೇರೆ. ಹದಿನೈದು ದಿನ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಪಕ್ಕದ ಮನೆಯಾಕೆ ಒಪ್ಪಿಕೊಂಡರು. ಡಿಸೆಂಬರ್ ಪೂರ್ತಿ ಅಮ್ಮ ಅವರನ್ನು ಬೆಳಿಗ್ಗೆ ಸಂಜೆ ಕರೆದು ಹಸುವಿನ ಪಕ್ಕ ನಿಲ್ಲಿಸಿ ಅಭ್ಯಾಸ ಮಾಡಿಸಿದಳು. ಹೆಂಡತಿ ತನ್ನ ಅಂಗಡಿಯಿಂದ ಉಳಿದ ಬಟ್ಟೆ ತಂದು ಮೂರು ಚೀಲ ಹೊಲಿದಳು. ಇಬ್ಬರೂ ತಮ್ಮ ತಮ್ಮ ಪಾಡಿಗೆ ಸಿದ್ಧರಾಗುತ್ತಿದ್ದರು. ನಾನು ಮಾತ್ರ ಊಟದ ಮಧ್ಯೆ ಎದ್ದು ಹೋಗಿ ಪಟ್ಟಿ ನೋಡಿ ಬರುತ್ತಿದ್ದೆ.

ಕೊನೆಗೂ ಜನವರಿಯಲ್ಲಿ ಒಂದು ಬುಧವಾರದ ಹಡಗು ನಿಶ್ಚಯವಾಯಿತು. ಪ್ರೆಸ್ಸಿನ ಯಜಮಾನರು ಹದಿನೈದು ದಿನ ರಜೆ ಕೊಟ್ಟರು. ಸೋಮವಾರ ಬೆಳಗಿನ ರೈಲಿಗೆ ದಂಡಿನಲ್ಲಿ ಹತ್ತಿದೆವು. ಕೆ.ಆರ್. ಪುರ ದಾಟುವಾಗ ಅಮ್ಮ ಕಿಟಕಿಯಿಂದ ಕೈ ತೋರಿಸಿ, ಅಲ್ಲಿ ನಮ್ಮ ಹುರುಳಿ ಹೊಲ ಇತ್ತು ಎಂದಳು. ನೀರಿನ ಟ್ಯಾಂಕು, ಸಾಲು ಮನೆಗಳು ಕಂಡವು. ನಾನು ಬೋಗಿಯ ಬಾಗಿಲಲ್ಲಿ ನಿಂತು ಗಾಳಿ ಕುಡಿಯುತ್ತಿದ್ದೆ. ಎರಡು ವರ್ಷದಲ್ಲಿ ನಾನು ಅಷ್ಟು ಸಂತೋಷವಾಗಿದ್ದದ್ದು ಆ ಕೆಲವು ತಾಸು ಮಾತ್ರ.

ಮದ್ರಾಸಿನಲ್ಲಿ ರೈಲು ನಿಲ್ದಾಣದ ಹತ್ತಿರವೇ ಲಾಡ್ಜು ಹಿಡಿದೆವು. ಮಂಗಳವಾರ ಹಡಗಿನ ಕಚೇರಿಯಲ್ಲಿ ಸಾಲು ನಿಂತು ಟಿಕೆಟ್ ಸಿಕ್ಕಿತು. ಟಿಕೆಟ್ ಕೈಗೆ ಕೊಟ್ಟವರೇ ಇನ್ನೊಂದು ಮಾತೂ ಹೇಳಿದರು: ಸಮುದ್ರದಲ್ಲಿ ವಾಯುಭಾರ ಕುಸಿದಿದೆ, ಬುಧವಾರದ ಬದಲು ಶನಿವಾರ ಹೊರಡಬಹುದು. ವಾಪಸು ಬರುವುದೂ ಅಷ್ಟೇ ಹಿಂದೆ ಹೋಗುತ್ತದೆ.

ಹೆಂಡತಿ ಅಮ್ಮನನ್ನು ಕರೆದುಕೊಂಡು ಲಾಡ್ಜಿಗೆ ಹೊರಟಳು. ನಾನು ಬಂದರಿನ ಕಡೆ ನಡೆದೆ. ಗೋಡೆಯಾಚೆ, ಕ್ರೇನುಗಳ ಸಂದಿಯಲ್ಲಿ ಒಂದು ಹಡಗು ಕಾಣುತ್ತಿತ್ತು. ನಮ್ಮದೋ, ಬೇರೆಯದೋ ತಿಳಿಯದು. ಬಿಳಿಯದು, ಪಕ್ಕೆಯಲ್ಲಿ ತುಕ್ಕಿನ ಗೆರೆ, ಸಾಲು ಸಾಲು ಗುಂಡನೆಯ ಕಿಟಕಿ. ಅವು ತೆರೆಯುವ ಕಿಟಕಿಗಳಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಇದರೊಳಗೆ ಮೂರು ದಿನ ಎಂದು ಅನಿಸಿತು. ರೈಲಾದರೆ ಬೇಡವೆನಿಸಿದ ನಿಲ್ದಾಣದಲ್ಲಿ ಇಳಿಯಬಹುದು. ಬಸ್ಸಾದರೆ ಕಂಡಕ್ಟರಿಗೆ ಹೇಳಿ ನಿಲ್ಲಿಸಬಹುದು. ಇದರಿಂದ ಇಳಿಯುವ ಹಾಗಿಲ್ಲ. ಎರಡು ವರ್ಷ ತಾರೀಖು ಹೊಂದಿಸುತ್ತಾ ಇದ್ದವನಿಗೆ ಇದೊಂದು ಹೊಳೆದೇ ಇರಲಿಲ್ಲ. ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಅಲ್ಲೇ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ.

ಆಮೇಲೆ ಒಂದು ಬೂತಿನಿಂದ ಯಜಮಾನರಿಗೆ ಫೋನು ಮಾಡಿದೆ. ಹಡಗು ಮೂರು ದಿನ ತಡ, ವಾಪಸು ಬರುವುದೂ ತಡವಾಗುತ್ತದೆ ಎಂದೆ. ಅವರು ಬೈಯಲಿ ಎಂದು ಕಾಯುತ್ತಿದ್ದೆ ಎನ್ನುವುದು ಈಗ ನನಗೆ ಸ್ಪಷ್ಟವಾಗಿ ಗೊತ್ತು.

“ಅರೇ, ಅದಕ್ಯಾಕೆ ಫೋನು? ನಾಲ್ಕ್ ದಿನ ಜಾಸ್ತಿ ತಗೋ ಮಿಯಾ,” ಎಂದರು ಅವರು. “ಇಲ್ಲೇನು ಬೆಂಕಿ ಬಿದ್ದಿಲ್ಲ. ಅಮ್ಮಾನ ಚೆನ್ನಾಗಿ ನೋಡ್ಕೊ.”

ಲಾಡ್ಜಿಗೆ ಹೋಗಿ, ಯಜಮಾನರು ರಜೆ ಮುಂದುವರಿಸಲು ಒಪ್ಪಲಿಲ್ಲ ಎಂದು ಹೇಳಿದೆ.

ಅಷ್ಟು ಸಲೀಸಾಗಿ ಸುಳ್ಳು ಬಂತು. ಹೇಳಿದ ಮೇಲೆ ಎದೆ ಹಗುರಾಯಿತು. ಮುಂದಿನದೆಲ್ಲ ನನ್ನ ಕಣ್ಣ ಮುಂದೆ ಇತ್ತು: ಟಿಕೆಟ್ ವಾಪಸು ಕೊಡುವುದು, ಎರಡು ದಿನ ಮರೀನಾ ಬೀಚು ತೋರಿಸುವುದು, ಮೂವರೂ ರೈಲು ಹತ್ತುವುದು. ಮುಂದಿನ ವರ್ಷ ನೋಡೋಣ ಎಂದು ಹೇಳಲು ಮಾತನ್ನೂ ಜೋಡಿಸಿಕೊಂಡಿದ್ದೆ. ಹೆಂಡತಿ ಮಂಚದ ಮೇಲೆ ಕೂತು ತಾನು ಹೊಲಿದ ಚೀಲದ ಹಿಡಿಯನ್ನು ಎಳೆದು ನೋಡುತ್ತಿದ್ದಳು. ಅವಳಿಗೆ ಹೀಗಾಗುವುದು ಹೊಸದಲ್ಲ.

ಅಮ್ಮ ಕಿಟಕಿಯ ಹತ್ತಿರ ನಿಂತಿದ್ದಳು. ತಿರುಗಿ ನನ್ನನ್ನು ಒಂದು ಗಳಿಗೆ ನೋಡಿದಳು.

“ಹಂಗಾದ್ರೆ ನೀನ್ ಹೋಗಪ್ಪ,” ಎಂದಳು. “ಕೆಲ್ಸ ಕಳ್ಕೋಬೇಡ. ನಾವಿಬ್ರೂ ಹೋಗ್ಬರ್ತೀವಿ.”

ಹೆಂಡತಿ ಚೀಲ ಬಿಟ್ಟು ತಲೆಯೆತ್ತಿದಳು. ಅಮ್ಮ ಆಗ ಅವಳ ಕಡೆ ತಿರುಗಿ, ನೇರವಾಗಿ ಅವಳನ್ನೇ ಕೇಳಿದಳು: “ಏನಮ್ಮ, ಬರ್ತೀಯ ತಾನೆ?”

“ಬರ್ತೀನಿ ಅತ್ತೆ,” ಎಂದಳು ಅವಳು.

ಮುಂದಿನ ಮೂರು ದಿನ ನಾನು ಏನೇನು ನೆಪ ತೆಗೆದೆ ಎನ್ನುವುದನ್ನು ನೆನೆದರೆ ನಾಚಿಕೆಯಾಗುತ್ತದೆ. ವಾಂತಿಯಾಗುತ್ತದೆ, ಡಾಕ್ಟರು ಸಿಗುವುದಿಲ್ಲ, ಊಟ ಸೇರುವುದಿಲ್ಲ, ಇಬ್ಬರೇ ಹೆಂಗಸರು. ಹಡಗಿನಲ್ಲಿ ಡಾಕ್ಟರು ಇರುತ್ತಾರೆ ಎಂದು ನಾನೇ ಹಿಂದೆ ಹೇಳಿದ್ದನ್ನು ಹೆಂಡತಿ ನೆನಪಿಸಿದಳು. ನಾನು ಮನೆಯಲ್ಲಿ ಕಲೆಹಾಕಿದ್ದ ಮಾಹಿತಿಯೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ನಿಜ ಹೇಳಿಬಿಡೋಣ ಎಂದು ಶುಕ್ರವಾರ ಎರಡು ಸಲ ಬಾಯಿ ತೆರೆದೆ. ಹೇಳಿದರೆ ನಾನೂ ಹತ್ತಬೇಕಾಗುತ್ತದೆ ಎಂದು ಹೊಳೆದು ಎರಡು ಸಲವೂ ಮುಚ್ಚಿದೆ.

ಶುಕ್ರವಾರ ಸಂಜೆ ನನ್ನ ಟಿಕೆಟ್ ವಾಪಸು ಕೊಟ್ಟು ಬಂದೆ. ಶನಿವಾರ ಬಂದರಿನ ಗೇಟಿನ ತನಕ ಹೋದೆ. ಅಲ್ಲಿಂದ ಮುಂದೆ ಟಿಕೆಟ್ ಇದ್ದವರಿಗೆ ಮಾತ್ರ. ಗಂಟು ಮೂಟೆ ಹೊತ್ತ ಸಂಸಾರಗಳ ಮಧ್ಯೆ ಹೆಂಡತಿ ಅಮ್ಮನ ಮೊಣಕೈ ಹಿಡಿದು ನಡೆದಳು. ಅವಳು ಅಮ್ಮನನ್ನು ಮುಟ್ಟಿದ್ದನ್ನು ನಾನು ನೋಡಿದ್ದು, ಹಬ್ಬದಲ್ಲಿ ಕಾಲಿಗೆ ಬೀಳುವಾಗ ಬಿಟ್ಟರೆ, ಅದೇ ಮೊದಲು. ಇಬ್ಬರೂ ಒಮ್ಮೆ ತಿರುಗಿ ನೋಡಿದರು. ಆಮೇಲೆ ಜನದಲ್ಲಿ ಮರೆಯಾದರು.

ಸೋಮವಾರ ಪ್ರೆಸ್ಸಿಗೆ ಹೋದೆ. ಯಜಮಾನರು ಕನ್ನಡಕ ತೆಗೆದು ನನ್ನನ್ನು ನೋಡಿ, ಯಾಕೆ ಬಂದೆ ಎಂದು ಕೇಳಿದರು. ಟಿಕೆಟ್ ಎರಡೇ ಸಿಕ್ಕಿತು ಎಂದೆ. ಒಂದಕ್ಕೆ ಇನ್ನೊಂದು ಸೇರಿ ಸುಳ್ಳು ಎರಡಾಯಿತು. ಮೇಜಿನ ಮೇಲೆ ಮದುವೆ ಕಾರ್ಡುಗಳ ಕರಡು ಬಿದ್ದಿತ್ತು. ಆ ವಾರ ಒಂದು ಕಾರ್ಡಿನಲ್ಲಿ ಮದುವೆಯ ವಾರವೇ ತಪ್ಪಿ ಅಚ್ಚಾಯಿತು. ನನ್ನ ಕೈಯಲ್ಲಿ ಹಾಗಾದದ್ದು ಅದೊಂದೇ ಸಲ. ಯಜಮಾನರು ಬೈಯದೆ ಮತ್ತೆ ಅಚ್ಚು ಹಾಕಿಸಿದರು. ಅವರು ಒಳ್ಳೆಯವರಾಗಿದ್ದಷ್ಟೂ ನನಗೆ ಅವರ ಮುಖ ನೋಡುವುದು ಕಷ್ಟವಾಯಿತು.

ಮನೆಯಲ್ಲಿ ಹಸು ಪಕ್ಕದಾಕೆಯ ಕೈಗೆ ಒಂದಿಷ್ಟು ಹಾಲು ಕೊಡುತ್ತಿತ್ತು, ಉಳಿದದ್ದನ್ನು ಹಿಡಿದುಕೊಳ್ಳುತ್ತಿತ್ತು. ನಾನು ಹತ್ತಿರ ಹೋದರೆ ಒದೆಯುತ್ತಿತ್ತು. ನಾನು ಹುಲ್ಲು ಹಾಕುವುದು, ಸಗಣಿ ಬಾಚುವುದು ಇಷ್ಟು ಮಾಡಿದೆ. ಕೆಲಸ ಮುಗಿದರೆ ಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಲಸೂರು ಕೆರೆಯ ತನಕ ನಡೆಯುವುದು, ಅಲ್ಲಿಂದ ಇಂದಿರಾನಗರ, ಮತ್ತೆ ವಾಪಸು. ಎರಡು ಕೋಣೆಯ ಮನೆ ಅಷ್ಟು ದೊಡ್ಡದು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ದಿನಕ್ಕೊಂದು ಸಲ ಹಡಗಿನ ಕಚೇರಿಗೆ ಫೋನು ಮಾಡುತ್ತಿದ್ದೆ. ಹಡಗು ಸಮುದ್ರದಲ್ಲಿದೆ ಎನ್ನುತ್ತಿದ್ದರು. ಅದು ನನಗೂ ಗೊತ್ತಿತ್ತು.

ಬುಧವಾರ ಸಂಜೆ ಬೂತಿನ ಯಜಮಾನಿ ಬಾಗಿಲಿಗೇ ಬಂದು ಕರೆದಳು. ಹೆಂಡತಿಯ ಫೋನು. ತಲುಪಿದ್ದೇವೆ, ಚೆನ್ನಾಗಿದ್ದೇವೆ, ರೂಮು ಸಿಕ್ಕಿದೆ ಎಂದಳು. ಊಟ, ನೀರು, ಮಾತ್ರೆ ಎಂದು ನಾನು ಒಂದಾದ ಮೇಲೊಂದು ಕೇಳುತ್ತಿದ್ದೆ. ಅವಳ ಹಿಂದೆ ಯಾರೋ ನಕ್ಕರು. ಯಾರು ಅದು ಎಂದು ಕೇಳಿದೆ. ಅತ್ತೆ ಎಂದಳು. ಅಮ್ಮ ಫೋನು ತೆಗೆದುಕೊಂಡು ಹಸು ಹೇಗಿದೆ ಎಂದು ವಿಚಾರಿಸಿದಳು. ಸಮುದ್ರ ಹೇಗಿತ್ತು ಎಂದು ನಾನು ಕೇಳುವಷ್ಟರಲ್ಲಿ ಲೈನು ಹೋಯಿತು.

ಅವರು ವಾಪಸು ಬರುವ ಹಡಗು, ಅದಕ್ಕೆ ಹೊಂದುವ ರೈಲು ಯಾವುದು ಎಂದು ಮತ್ತೆ ಪಟ್ಟಿ ಬರೆದೆ. ಬರುವ ದಿನ ಮದ್ರಾಸಿನಿಂದ ಹೆಂಡತಿ ಬೂತಿಗೆ ಫೋನು ಮಾಡಿ ರೈಲಿನ ಹೆಸರು ಹೇಳಿದ್ದಳು. ದಂಡು ನಿಲ್ದಾಣಕ್ಕೆ ಅರ್ಧ ತಾಸು ಮುಂಚೆಯೇ ಹೋಗಿ ನಿಂತೆ. ರೈಲು ಬಂತು, ಜನ ಇಳಿದರು, ರೈಲು ಹೋಯಿತು. ಅವರಿಬ್ಬರೂ ಇರಲಿಲ್ಲ. ಪ್ಲಾಟ್‌ಫಾರಮ್ಮನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಿದೆ. ಇಳಿಯುವುದು ಗೊತ್ತಾಗದೆ ಮುಂದಿನ ನಿಲ್ದಾಣಕ್ಕೆ ಹೋದರೇನೋ ಎಂದು ಆಟೋ ಹಿಡಿದು ಸಿಟಿ ಸ್ಟೇಷನ್ನಿಗೆ ಹೋದೆ. ಅಲ್ಲಿಯೂ ಇಲ್ಲ. ಹಡಗು ಇಳಿದವರು ರೈಲೇ ಹತ್ತಲಿಲ್ಲವೋ, ಅಮ್ಮನಿಗೆ ಏನಾದರೂ ಆಯಿತೋ ಎಂದು ಏನೇನೋ ಯೋಚನೆ. ಮನೆಗೆ ಬಂದರೆ ಇಬ್ಬರೂ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಕೆ.ಆರ್. ಪುರದಲ್ಲೇ ಇಳಿದು, ಅಮ್ಮನ ಅಕ್ಕನ ಮನೆಗೆ ಹೋಗಿ ಒಂದು ಶಂಖ ಕೊಟ್ಟು, ಅಲ್ಲಿಂದ ಬಸ್ಸಿನಲ್ಲಿ ಬಂದಿದ್ದರು. ಬಿಸಿಲಿಗೆ ಇಬ್ಬರ ಮುಖವೂ ಕಪ್ಪಾಗಿತ್ತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ನನಗೆ ಕೆಲಸ ಕಡಿಮೆಯಾಯಿತು. ಅಮಾವಾಸ್ಯೆಯ ವಿಷಯ ಅವರೇ ಮಾತಾಡಿಕೊಳ್ಳುತ್ತಿದ್ದರು. ಒಂದೊಂದಾಗಿ ಕೇಳಿ ತಿಳಿದದ್ದು ಇಷ್ಟು: ಮೊದಲ ದಿನ ಹೆಂಡತಿಗೆ ತಲೆಯೆತ್ತಲಾಗದಷ್ಟು ವಾಂತಿ. ಅಮ್ಮನಿಗೆ ಏನೂ ಆಗಲಿಲ್ಲ. ಅಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಗಲೆಲ್ಲ ಕೂತಿದ್ದಳು. ಪಕ್ಕದ ಮಂಚದ ತಮಿಳು ಹೆಂಗಸಿನ ಹತ್ತಿರ ಭಾಷೆಯಿಲ್ಲದೆಯೇ ನಿಂಬೆಹಣ್ಣು ಕೇಳಿ ತಂದಿದ್ದಳು. ಎರಡನೇ ದಿನ ಇಬ್ಬರೂ ಮೇಲಿನ ಡೆಕ್ಕಿಗೆ ಹೋದರು. ಅಲ್ಲಿ ಅಮ್ಮ ತನ್ನ ಮದುವೆಯ ಕತೆ, ಹೊಲ ಹೋದ ಕತೆ ಎಲ್ಲ ಹೇಳಿದಳಂತೆ. ಅದರಲ್ಲಿ ಅರ್ಧ ನನಗೇ ಗೊತ್ತಿರಲಿಲ್ಲ.

ಸಮುದ್ರ ಹೇಗಿತ್ತು ಎಂದು ನಾನು ಕೊನೆಗೂ ಕೇಳಿದೆ. ಅಮ್ಮ ಹಸುವಿನ ಮೈ ತಿಕ್ಕುತ್ತಿದ್ದವಳು ಸ್ವಲ್ಪ ಯೋಚಿಸಿದಳು. “ಅಷ್ಟ್ ದೊಡ್ಡದು ಕಣೋ, ಯಾರೂ ಬೇಲಿ ಹಾಕಿಲ್ಲ,” ಎಂದಳು. ಮತ್ತೆ ತಿಕ್ಕತೊಡಗಿದಳು.

ನಾನು ಸುಳ್ಳು ಒಪ್ಪಿಕೊಂಡದ್ದು ಯುಗಾದಿ ಕಳೆದ ಮೇಲೆ. ಭಾನುವಾರ ಮಧ್ಯಾಹ್ನ, ಅಮ್ಮ ಮಲಗಿದ್ದಳು, ಹೆಂಡತಿ ಮೆಷಿನ್ನಿನ ಮುಂದೆ ಕೂತಿದ್ದಳು. ಯಜಮಾನರು ರಜೆ ಕೊಟ್ಟಿದ್ದರು ಎಂದು ಹೇಳಿದೆ. ಅವಳು ಮೆಷಿನ್ ನಿಲ್ಲಿಸಲಿಲ್ಲ. ಹೊಲಿಗೆಯ ಸಾಲು ಮುಗಿಸಿ, ದಾರ ಕಡಿದು, ಆಮೇಲೆ ನನ್ನ ಕಡೆ ನೋಡಿದಳು.

“ಗೊತ್ತು ರೀ. ಫೆಬ್ರವರಿಲೇ ಖಾತ್ರಿಯಾಯ್ತು. ನಿಮ್ಮ ಯಜಮಾನ್ರು ಅಂಗಡಿ ಹತ್ರ ಸಿಕ್ಕಿದ್ರು, ನಾಲ್ಕ್ ದಿನ ಜಾಸ್ತಿ ಕೊಟ್ಟಿದ್ದೆ, ಟಿಕೆಟ್ ಎರಡೇ ಸಿಕ್ತಂತಲ್ಲ ಪಾಪ ಅಂದ್ರು.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ನೀವೇ ಹೇಳ್ಲಿ ಅಂತ.” ಅವಳು ಬಟ್ಟೆ ಮಡಚಿಟ್ಟಳು. “ಅತ್ತೆಗೆ ಅವತ್ತೇ ಗೊತ್ತಾಗಿತ್ತು. ಹಡಗಲ್ಲೇ ಹೇಳಿದ್ರು. ಚಿಕ್ಕೋರಿದ್ದಾಗ ಬಾಗ್ಲು ಹಾಕಿದ್ರೆ ನೀವು ಕಿರುಚ್ತಿದ್ರಂತೆ. ಸಿನಿಮಾಕ್ಕೆ ಕರ್ಕೊಂಡ್ ಹೋದ್ರೆ ಅರ್ಧಕ್ಕೇ ಅವ್ರನ್ನ ಎಳ್ಕೊಂಡ್ ಬರ್ತಿದ್ರಂತೆ. ಅವ್ನು ಹತ್ತಲ್ಲ ಅಂತ ಮುಖ ನೋಡೇ ತಿಳೀತು ಅಂದ್ರು.”

ನನಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಬೇರೇನೋ ಆಯಿತು. ಅಮ್ಮ ನನ್ನನ್ನು ಬಿಟ್ಟು ಹೋದಳು ಎಂದು ಎರಡು ತಿಂಗಳು ಒಳಗೊಳಗೆ ಸಿಟ್ಟಿತ್ತು. ಲಾಡ್ಜಿನ ಕಿಟಕಿಯ ಹತ್ತಿರ ಅವಳು ನನ್ನನ್ನು ನೋಡಿದ ಆ ಒಂದು ಗಳಿಗೆಯಲ್ಲಿ ಎಲ್ಲವನ್ನೂ ತಿಳಿದು, ನನ್ನನ್ನು ಬಿಡಿಸಿದ್ದಳು. ತಾನು ಹೋಗಬೇಕೆಂದಿದ್ದ ಕಡೆಗೆ ಹೋಗಿಯೂ ಬಂದಿದ್ದಳು. ಅಮ್ಮನಿಗೆ ಅಷ್ಟು ಆಸೆಯಿತ್ತು ಎನ್ನುವುದನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

“ನಿಮ್ಗೆ ಹೆದ್ರಿಕೆ ಅಂದಿದ್ರೆ ನಾನ್ ಬಲವಂತ ಮಾಡ್ತಿದ್ನಾ?” ಎಂದು ಹೆಂಡತಿ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಮಾರನೇ ದಿನ ಯಜಮಾನರಿಗೂ ನಿಜ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ತಾವು ಲಿಫ್ಟು ಹತ್ತುವುದಿಲ್ಲ ಎಂದರು.

ಆಮೇಲೆ ಪ್ರವಾಸದ ಯೋಜನೆ ಹೆಂಡತಿಯ ಕೈಗೆ ಹೋಯಿತು. ಅವಳು ಪಟ್ಟಿ ಬರೆಯುವುದಿಲ್ಲ. ಎರಡು ಫೋನು ಮಾಡುತ್ತಾಳೆ, ಹೊರಡುತ್ತಾಳೆ. ಹಸು ಮುದಿಯಾಗಿ ಅಮ್ಮ ಅದನ್ನು ಅಕ್ಕನ ಮನೆಗೆ ಕಳಿಸಿದ ಮೇಲೆ, ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಎರ್ನಾಕುಳಕ್ಕೆ ರೈಲಿನಲ್ಲಿ ಹೋಗೋಣ, ಅಲ್ಲಿ ಆಚೆ ದಡಕ್ಕೆ ದೋಣಿ ಇದೆ ಎಂದಳು.

“ಇಪ್ಪತ್ತೇ ನಿಮಿಷ. ಎಲ್ಲಾ ಕಡೆ ತೆರೆದಿರುತ್ತೆ, ವಿಚಾರಿಸಿದೀನಿ. ಆಗ್ಲಿಲ್ಲ ಅಂದ್ರೆ ನೀವು ದಡದಲ್ಲಿರಿ, ನಾವು ಹೋಗ್ಬರ್ತೀವಿ. ಸುಳ್ಳು ಮಾತ್ರ ಬೇಡ.”

ನೋಡೋಣ ಎಂದೆ. ದೋಣಿಕಟ್ಟೆಯಲ್ಲಿ ಮೊದಲ ದೋಣಿಯನ್ನು ಬಿಟ್ಟುಬಿಟ್ಟೆ; ಎರಡನೆಯದನ್ನೂ ಬಿಟ್ಟೆ. ಇಬ್ಬರೂ ಕಡಲೆಕಾಯಿ ತಿನ್ನುತ್ತಾ ನನ್ನ ಜೊತೆ ಕಾದರು. ಮೂರನೆಯದಕ್ಕೆ ಹತ್ತಿದೆ. ಕಂಬಿ ಹಿಡಿದು ಅಂಚಿನಲ್ಲೇ ನಿಂತಿದ್ದೆ, ಕಣ್ಣು ಆಚೆ ದಡದ ಮೇಲೆ. ಹೆಂಡತಿ ಹಡಗುಗಳನ್ನು ತೋರಿಸುತ್ತಿದ್ದಳು, ನಾನು ನೋಡಲಿಲ್ಲ. ಇಳಿದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಮ್ಮ ಸೆರಗಿನಿಂದ ನನ್ನ ಹಣೆ ಒರೆಸಿ, ಇಲ್ಲಿ ಕಾಫಿ ಎಲ್ಲಿ ಸಿಗುತ್ತದೆ ವಿಚಾರಿಸು ಎಂದು ಸೊಸೆಗೆ ಹೇಳಿದಳು.